ಕೇಳುವ ಮೊದಲೇ ಕೊಟ್ಟ ಉತ್ತರ

ಎಂಟು ಕಂಪ್ಯೂಟರುಗಳಲ್ಲಿ ಒಂದೂ ಏಳಲಿಲ್ಲ. ಎಂಟೂ ಪರದೆ ಕಪ್ಪಗಿದ್ದವು, ಬಿಳಿ ಅಕ್ಷರದಲ್ಲಿ ಒಂದೇ ದೂರು: ಶುರುವಾಗಲು ಬೇಕಾದ ಫೈಲಿನ ಹೆಸರು ಸಿಗಲಿಲ್ಲ. ಸೊಸೆ ಒಂದೊಂದನ್ನೇ ಆರಿಸಿ ಮತ್ತೆ ಹಾಕಿದಳು. ಮೊದಲೇ ಮಾತಾಡಿಕೊಂಡವರ ಹಾಗೆ ಎಲ್ಲವೂ ಅದನ್ನೇ ಹೇಳಿದವು. ಅವಳ ತರಬೇತಿ ಕೇಂದ್ರಕ್ಕೆ ಮಾನ್ಯತೆ ಕೊಡಬಹುದೋ ಇಲ್ಲವೋ ಎಂದು ನೋಡಲು ಇಲಾಖೆಯ ಮೇಡಂ ಒಬ್ಬರು ಇನ್ನೇನು ಬರುವವರಿದ್ದರು. ಮಾನ್ಯತೆ ಸಿಕ್ಕರೆ ಮನೆಯ ಹಾಲ್ ಅವಳ ಕೇಂದ್ರವಾಗಿಯೇ ಉಳಿಯುತ್ತದೆ. ಸಿಗದಿದ್ದರೆ ಕಂಪ್ಯೂಟರುಗಳನ್ನು ಮಾರಿ ಅತ್ತೆಯ ಸೋಫಾವನ್ನು ಮಹಡಿಯಿಂದ ಇಳಿಸಬೇಕು. ಮನೆಯಲ್ಲಿ ಆಗಿದ್ದ ಮಾತು ಅದು.

"ಹಳೇ ಸಾಮಾನು ಕಣೇ, ನಾನಾಗ್ಲೇ ಹೇಳಿದ್ದೆ" ಎಂದರು ಅತ್ತೆ, ಅಡುಗೆಮನೆಯ ಬಾಗಿಲಲ್ಲಿ ನಿಂತು. ಯಾರೂ ಅವರನ್ನು ಕೇಳಿರಲಿಲ್ಲ. ಆದರೆ ಆ ಮನೆಯಲ್ಲಿ ಪ್ರಶ್ನೆ ಯಾರದ್ದಾದರೂ ಇರಲಿ, ಯಾರಿಗಾದರೂ ಇರಲಿ, ಮೊದಲ ಉತ್ತರ ಅತ್ತೆಯದೇ. ಸೊಸೆಗೆ ಗಂಟಲು ನೋವೆಂದು ಹೋದರೆ, ಎಲ್ಲಿ ನೋವು, ಎಷ್ಟು ದಿನದಿಂದ ಎಂದು ಡಾಕ್ಟರಿಗೆ ವಿವರಿಸುವುದು ಅವರು. ಕೋರ್ಸ್ ವಿಚಾರಿಸಲು ಬಂದವರಿಗೆ ಫೀಸು ಹೇಳಿ, ಅದರಲ್ಲಿ ರಿಯಾಯಿತಿಯನ್ನೂ ಕೊಟ್ಟು ಕಳಿಸಿಬಿಡುತ್ತಿದ್ದರು. ಕೆಟ್ಟ ಮನಸ್ಸಿನವರಲ್ಲ, ಪಾಪ. ಕೇಳಿದವರನ್ನು ಕಾಯಿಸಬಾರದು ಅಷ್ಟೇ.

ಸೊಸೆ ಮೆಟ್ಟಿಲ ಕೆಳಗೆ ತೂರಿ ಸರ್ವರ್ ನೋಡಿದಳು. ಈ ಎಂಟಕ್ಕೂ ಸ್ವಂತ ಡಿಸ್ಕ್ ಇಲ್ಲ, ಅದಕ್ಕೇ ಅಗ್ಗಕ್ಕೆ ಸಿಕ್ಕಿದ್ದವು. ಪ್ರತಿದಿನ ಕರೆಂಟು ಬಂದ ಕೂಡಲೇ ಅವು ಕೇಬಲ್ಲಿನಲ್ಲಿ ಕೂಗು ಹಾಕುತ್ತವೆ: ನನ್ನ ನಂಬರೇನು, ಯಾವ ಫೈಲ್ ಓದಲಿ? ಸರ್ವರ್ ಎರಡಕ್ಕೂ ಉತ್ತರ ಕೊಡುತ್ತದೆ, ಅವು ಎದ್ದು ಕೂರುತ್ತವೆ. ಇವತ್ತು ಸರ್ವರಿನ ಹಸಿರು ದೀಪ ಎಂದಿನಂತೆ ಉರಿಯುತ್ತಿತ್ತು. ಫೈಲುಗಳು ಇದ್ದಲ್ಲೇ ಇದ್ದವು. ಸರ್ವರನ್ನೊಮ್ಮೆ ನಿಲ್ಲಿಸಿ ಶುರುಮಾಡಿದಳು, ಕೇಬಲ್ ಬದಲಿಸಿದಳು, ಇನ್ನೊಂದು ಬದಲಿಸಿದಳು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡದ್ದೇ ಬಂತು.

ಸೋತು ಕುರ್ಚಿಯಲ್ಲಿ ಕೂತಾಗ ಪರದೆಯ ಮೇಲಿನ ಸಾಲನ್ನು ಸರಿಯಾಗಿ ಓದಿದಳು. ಕಂಪ್ಯೂಟರಿಗೆ ನಂಬರು ಸಿಕ್ಕಿತ್ತು. ಆದರೆ ಅದು ಅವಳ ಸರ್ವರ್ ಕೊಡುವ ನಂಬರಲ್ಲ. ಬೇರೆ ಯಾರೋ ಕೊಟ್ಟಿದ್ದಾರೆ. ಸರ್ವರಿಗಿಂತ ಮೊದಲೇ ಕೊಟ್ಟಿದ್ದಾರೆ, ಫೈಲಿನ ಹೆಸರು ಮಾತ್ರ ಹೇಳಿಲ್ಲ. ಎಂಟು ಕೇಬಲ್ ಸೇರುವ ಡಬ್ಬಿಯ ಹತ್ತಿರ ಹೋಗಿ ಎಣಿಸಿದಳು. ಸರ್ವರಿನದೂ ಸೇರಿ ಒಂಬತ್ತಿರಬೇಕು, ಹತ್ತಿದ್ದವು. ಹತ್ತನೆಯದನ್ನು ಹಿಡಿದು ಹೊರಟಳು. ಅದು ಗೋಡೆಯಂಚಿನಲ್ಲಿ ಹರಿದು, ಕಾಲೊರಸಿನ ಕೆಳಗೆ ನುಸುಳಿ, ನೇರ ಅಡುಗೆಮನೆಗೆ ಹೋಯಿತು. ಹಿಟ್ಟಿನ ಡಬ್ಬದ ಹಿಂದೆ, ನಾದಿನಿ ಹೊಸದು ಕೊಂಡಾಗ ತಾಯಿಗೆ ಕೊಟ್ಟುಹೋಗಿದ್ದ ಹಳೆಯ ವೈಫೈ ಪೆಟ್ಟಿಗೆ ಕಣ್ಣು ಮಿಟುಕಿಸುತ್ತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಸೋಫಾದ ನೆನಪಾಗಿ ಅವಳಿಗೆ ಒಂದು ಕ್ಷಣ ಮೈಯೆಲ್ಲ ಉರಿಯಿತು. "ಇದನ್ನ ಯಾಕತ್ತೆ ಚುಚ್ಚಿದ್ರಿ?"

"ಬರೋ ಮೇಡಂ ನೆಟ್ ಕೇಳಿದ್ರೆ ಇಲ್ಲ ಅನ್ನೋಕಾಗುತ್ತಾ? ರಾತ್ರಿ ಫೋನಲ್ಲಿ ಮಗಳನ್ನ ಕೇಳಿಕೊಂಡು ಹಾಕ್ದೆ. ಅಲ್ಲೊಂದು ತೂತು ಖಾಲಿ ಇತ್ತು." ಸೊಸೆಯ ಮುಖ ನೋಡಿ ಅವರ ದನಿ ಇಳಿಯಿತು. "ಏನಾಯ್ತೇ?"

ಸಿಟ್ಟು ಎಲ್ಲಿಗೆ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಕೇಬಲ್ ಕಿತ್ತು ಅತ್ತೆಯ ಕೈಗೆ ಕೊಟ್ಟಳು. "ಕಂಪ್ಯೂಟರು ಕೇಳಿದಾಗ ಹೇಳಬೇಕಾದ್ದು ನನ್ನ ಸರ್ವರ್, ಅತ್ತೆ. ಅದು ಬಾಯಿ ತೆರೆಯೋದ್ರೊಳಗೆ ಈ ಪೆಟ್ಟಿಗೆ ಉತ್ತರ ಕೊಟ್ಟುಬಿಡುತ್ತೆ. ಇದಕ್ಕೆ ಗೊತ್ತಿರೋದು ಅರ್ಧ. ಮೊದಲು ಹೇಳಿದವರ ಮಾತೇ ಅವಕ್ಕೆ ವೇದವಾಕ್ಯ."

ಅತ್ತೆ ಪೆಟ್ಟಿಗೆಯನ್ನು ದಿಟ್ಟಿಸಿದರು. "ಪೂರ್ತಿ ಗೊತ್ತಿಲ್ಲ ಅಂದ್ಮೇಲೆ ಸುಮ್ನಿರೋಕೇನು ಇದಕ್ಕೆ ರೋಗ?"

ಸೊಸೆ ತುಟಿ ಕಚ್ಚಿಕೊಂಡು ಹಾಲಿಗೆ ಓಡಿದಳು. ಅಲ್ಲಿ ಬಗ್ಗಿ ಸ್ವಿಚ್ಚುಗಳನ್ನು ಒತ್ತುತ್ತ, ಯಾರಿಗೂ ಕಾಣದಂತೆ ಹೊಟ್ಟೆ ತುಂಬ ನಕ್ಕಳು. ಅತ್ತೆ ಮಾತ್ರ ಕೇಬಲ್ಲಿನ ತುದಿ ಹಿಡಿದುಕೊಂಡು ಅಡುಗೆಮನೆಯಲ್ಲೇ ನಿಂತು ಏನನ್ನೋ ಯೋಚಿಸುತ್ತಿದ್ದರು. ಮೊದಲ ಪರದೆ ನೀಲಿಯಾಯಿತು, ಆಮೇಲೆ ಪಕ್ಕದ್ದು. ಎಂಟನೆಯದು ಎದ್ದು ಕೂರುವ ಹೊತ್ತಿಗೆ ಕರೆಗಂಟೆ ಸದ್ದು ಮಾಡಿತು.

ಮೇಡಂ ಚಪ್ಪಲಿ ಬಿಡುವಾಗಲೇ ಎಲ್ಲವನ್ನೂ ಅಳೆಯುವವರ ಹಾಗೆ ನೋಡಿದರು. ಒಂದು ಕಂಪ್ಯೂಟರಿನ ಹಿಂದೆ ಬಗ್ಗಿ, ಒಳಗೆ ಡಿಸ್ಕ್ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹುಬ್ಬೇರಿಸಿದರು. ಆಮೇಲೆ ಹಿರಿಯರೆಂಬ ಗೌರವಕ್ಕೋ ಏನೋ, ಕೇಬಲ್ ಹಿಡಿದೇ ಹಾಲಿಗೆ ಬಂದಿದ್ದ ಅತ್ತೆಯ ಕಡೆಗೇ ತಿರುಗಿದರು. "ಡಿಸ್ಕೇ ಇಲ್ದೆ ಇವು ಹೇಗೆ ಶುರುವಾಗ್ತವೆ? ಸರ್ವರ್ ಕೆಟ್ರೆ ಏನು ಮಾಡ್ತೀರಿ?"

ಈ ಉತ್ತರವನ್ನು ಸೊಸೆ ಒಂದು ವಾರದಿಂದ ಕನ್ನಡಿಯ ಮುಂದೆ ಹೇಳಿಕೊಂಡಿದ್ದಳು. ಅತ್ತೆಯ ಬಾಯಿ ತೆರೆಯಿತು. ಮುಗಿಯಿತು ಕಥೆ ಎಂದುಕೊಂಡಳು ಸೊಸೆ.

ಅತ್ತೆ ಬಾಯಿ ಮುಚ್ಚಿದರು. ಕೈಯಲ್ಲಿದ್ದ ಕೇಬಲ್ಲನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡರು. ಕೋಣೆಯಲ್ಲಿ ಎಂಟು ಕಂಪ್ಯೂಟರುಗಳ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಅಷ್ಟೊಂದು ಮೌನ ಆ ಮನೆಗೆ ಹೊಸದು. ಅದರಲ್ಲಿ ಸೊಸೆಗೆ ತನ್ನ ಸರದಿ ಬಂದದ್ದೇ ಹೊಳೆಯಲಿಲ್ಲ.

"ಹೇಳೇ" ಎಂದು ಅತ್ತೆ ಮೊಣಕೈಯಿಂದ ಮೆಲ್ಲಗೆ ತಿವಿದರು. "ಮೇಡಂ ಕಾಯ್ತಿದ್ದಾರೆ."