ತೇಲಿಬಂದ ಹಳದಿ ಡಬ್ಬಿ

ಕಡಲಿನ ಮೇಲ್ನೀರು ಯಾವ ಕಡೆ ಹರಿಯುತ್ತದೆಂದು ತಿಳಿಯಲು ತೇಲಿಬಿಟ್ಟ ಹಳದಿ ಉಪಕರಣವೊಂದು ಸುಕೇಶನ ಮನೆಯೆದುರಿನ ದಡಕ್ಕೆ ಬಂದು ಬಿದ್ದಿತ್ತು. ಅದರ ಮೇಲಿದ್ದ ನಂಬರಿಗೆ ಅವನು ಫೋನ್ ಮಾಡಿದ. ಒಯ್ಯಲು ಬಂದ ವಿಜ್ಞಾನಿ ಹುಡುಗಿ ಅವನ ಅಮ್ಮ ಕೊಟ್ಟ ಚಹಾ ಕುಡಿದು, ನಕ್ಕು ಹೋದಳು. ಅಂದಿನಿಂದ ಸುಕೇಶನಿಗೆ ಬಲೆ ಹೆಣೆಯುವುದರಲ್ಲೂ ಮನಸ್ಸಿಲ್ಲ.

ಮರುವಾರ ಅದೇ ಜಾಗದಲ್ಲಿ ಇನ್ನೊಂದು ಸಿಕ್ಕಿತು. ಮತ್ತೆ ಬಂದವಳು ಈ ಸಲ ಊಟಕ್ಕೂ ಕೂತಳು.

ಮೂರನೆಯದು ಸಿಕ್ಕಿದಾಗ ಸುಕೇಶ ಕುಣಿಯುತ್ತಾ ಒಳಗೆ ಓಡಿದ.

"ಅಮ್ಮಾ, ಮತ್ತೆ ನಮ್ಮ ಬಾಗಿಲಿಗೇ ಬಂತು! ಕಡಲಿಗೆ ನನ್ನ ಮೇಲೆ ಎಷ್ಟು ಪ್ರೀತಿ!"

ಮೀನು ಕೊಯ್ಯುತ್ತಿದ್ದ ಅಮ್ಮ ತಲೆಯೆತ್ತಲಿಲ್ಲ.

"ಕಡಲಿಗಲ್ಲ ಮಗಾ. ಬೆಳಿಗ್ಗೆ ಆ ಹೆಣ್ಣೇ ತಂದು ಮರಳ ಮೇಲೆ ಇಟ್ಟದ್ದು. ಬೇಗ ಫೋನ್ ಮಾಡು, ಪಾಪ, ಆಗಿಂದ ದೋಣಿ ಹಿಂದೆ ಬಿಸಿಲಲ್ಲಿ ಕೂತಿದೆ."