ಉಳಿದ ಗುಡ್ಡ

ಚೀನಾದ ಬಂದರು ಪಟ್ಟಣವೊಂದಕ್ಕೆ ಪ್ರವಾಸ ಬಂದಿದ್ದ ಗೌಡರನ್ನೂ ಅವರ ಹೆಂಡತಿಯನ್ನೂ ಪರಿಚಯದ ವ್ಯಾಪಾರಿಯೊಬ್ಬ ಊರ ನಡುವಿನ ಗುಡ್ಡಕ್ಕೆ ಕರೆದೊಯ್ದ. ಗುಡ್ಡದ ತುಂಬ ಮರ, ತುದಿಯಲ್ಲಿ ಪುಟ್ಟ ಗುಡಿ, ಕೆಳಗೆ ಸಾಲು ಹಡಗು. ಗೌಡರು ಫೋಟೊ ತೆಗೆದದ್ದೇ ತೆಗೆದದ್ದು.

"ನಮ್ಮೂರಾಗೂ ಇಂಥಾದ್ದ ಗುಡ್ಡ ಇತ್ತಲ್ರೀ," ಅಂದಳು ಹೆಂಡತಿ. "ಶ್ರಾವಣ ಶನಿವಾರ ಹನುಮಪ್ಪಗ ಎಣ್ಣಿ ಎರಿಯಾಕ ಗುಡ್ಡ ಹತ್ತತಿದ್ವಿ."

"ಇತ್ತು, ಏನ್ ಮಾಡೂದು? ನಮ್ಮ ಮಂದಿಗೆ ರೊಕ್ಕ ಒಂದ ಕಾಣತೈತಿ. ಉಳಿಸ್ಕೋಬೇಕನ್ನೂ ಬುದ್ಧಿ ಇಲ್ಲ. ಇವರನ್ನ ನೋಡಿ ಕಲೀಬೇಕು."

ಹೆಂಡತಿ ಗಂಡನ ಮುಖವನ್ನೇ ನೋಡಿದಳು.

ಗೌಡರು ಭಾಷೆ ತಿರುಗಿಸುವ ಮೊಬೈಲನ್ನು ಬಾಯಿಗೆ ಹಿಡಿದು ವ್ಯಾಪಾರಿಯನ್ನು ಕೇಳಿದರು: "ಇಷ್ಟು ದೊಡ್ಡ ಊರಾಗ ಗುಡ್ಡ ಹೆಂಗ ಉಳಿಸ್ಕೊಂಡ್ರಿ? ಯಾರೂ ಕಲ್ಲು ಒಡೀಲಿಲ್ಲೇನು?"

ವ್ಯಾಪಾರಿ ಗೌಡರಿಗೆ ಬಾಗಿ ನಮಸ್ಕರಿಸಿ, ನಗುತ್ತಲೇ ಮೊಬೈಲಿಗೆ ಉತ್ತರ ಹೇಳಿದ. ಮೊಬೈಲು ಅದನ್ನು ಅಚ್ಚುಕಟ್ಟಾದ ಪುಸ್ತಕದ ಕನ್ನಡದಲ್ಲಿ ಗಟ್ಟಿಯಾಗಿ ನುಡಿಯಿತು:

"ಎಲ್ಲವೂ ತಮ್ಮ ದಯೆ. ತಾವು ತಮ್ಮೂರಿನ ಗುಡ್ಡವನ್ನೇ ಒಡೆದು ಹಡಗು ತುಂಬಿಸಿ ಕಳಿಸುವಾಗ, ನಾವೇಕೆ ನಮ್ಮ ಗುಡ್ಡವನ್ನು ಮುಟ್ಟಬೇಕು?"