ಪೆಂಡಾಲಿನ ಮೂಲೆಯ ಹೆಂಗಸು

ಬಸಲಿಂಗನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಮದುವೆಯ ಮಾತುಕತೆಯಲ್ಲಿ ಅವನು ಹೇಳಿದ್ದು ಇಷ್ಟೇ. ಎರಡು ವರ್ಷ ಶಿವಗಂಗಾ ಅದನ್ನು ನಂಬಿದ್ದಳು.

ಈ ವಾರ ಅವನ ಟ್ರಂಕಿನಲ್ಲಿ ಹೊಸ ಹಸಿರು ಸೀರೆ ಕಂಡಿತು. ಅವಳಿಗೆ ತಂದದ್ದಾಗಿದ್ದರೆ ಕೊಡುತ್ತಿದ್ದ. ಕೊಡಲಿಲ್ಲ. ಸೀರೆಯ ಅಡಿಯಲ್ಲಿ ಲಗ್ಗೆರೆಯ ವಿಡಿಯೊ ಅಂಗಡಿಯೊಂದರ ಚೀಟಿ ಇತ್ತು. ಭಾನುವಾರ ಅವನು ಪೀಣ್ಯದ ಕಾರ್ಖಾನೆಗೆ ಓವರ್‌ಟೈಮಿಗೆ ಹೋದ ಮೇಲೆ ಚೀಟಿ ಹಿಡಿದು ಅಲ್ಲಿಗೆ ಹೋದಳು.

"ಅಣ್ಣ ಬರಲಿಲ್ವಾ ಅಕ್ಕ?" ಎಂದ ಅಂಗಡಿಯ ಶ್ರೀಕರ್.

"ನನ್ನ ಕಳಿಸ್ಯಾರ. ಏನ್ ಮಾಡೀರಿ, ತೋರ್ಸ್ರಿ."

ತೆರೆಯ ಮೇಲೆ ಯಾರದೋ ಮದುವೆ. ಜನ ಕೈಯಾಡಿಸಿದಾಗಲೆಲ್ಲ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು.

"ಡಿವಿಡಿಲಿ ಒಂದು ಚಿತ್ರದೊಳಗೆ ಎರಡು ಹೆಣೆದಿರ್ತಾವೆ. ಒಟ್ಟು ಐನೂರ ಎಪ್ಪತ್ತಾರು ಗೆರೆ; ಬೆಸ ಗೆರೆಗಳಲ್ಲಿ ಒಂದು, ಸಮ ಗೆರೆಗಳಲ್ಲಿ ಇನ್ನೊಂದು. ಬಿಡಿಸದೆ ಹಾಕಿದ್ರೆ ಮಸುಕು ಚಿತ್ರ ಚೊಕ್ಕ ಮಾಡೋ ಎಐ ಮುಖಕ್ಕೆಲ್ಲ ಆ ಹಲ್ಲೇ ಬರೀತದೆ. ಅದಕ್ಕೆ ಕಣ್ಣು ಸಕ್ಕತ್, ಬುದ್ಧಿ ಕಮ್ಮಿ," ಎಂದು ನಕ್ಕ. "ನಾವು ಒಂದನ್ನ ಎಸೆದು ಇನ್ನೊಂದನ್ನ ಇಟ್ಕೋತೀವಿ. ಅಣ್ಣ ಮಾತ್ರ ಎರಡೂ ಬೇಕು ಅಂದ್ರು. ಇವರಿಗೋಸ್ಕರ."

ತೆರೆಯತ್ತ ಬೆರಳು ತೋರಿ ಚಿತ್ರ ನಿಲ್ಲಿಸಿದ. ಫೋಟೋಗ್ರಾಫರನ ಫ್ಲಾಶಿಗೆ ಪೆಂಡಾಲಿನ ಕತ್ತಲ ಮೂಲೆ ಒಮ್ಮೆ ಬೆಳಗಿತ್ತು. ಅಲ್ಲಿ ಇಪ್ಪತ್ತರ ಆಸುಪಾಸಿನ ಹೆಂಗಸು. ಸೊಂಟದ ಮೇಲೆ ಗಂಡು ಮಗು. ಮಗುವಿಗೆ ಬಸಲಿಂಗನದೇ ಅಗಲ ಕಿವಿ.

ಮದುವೆಗೆ ಮುಂಚೆ ಅವನು ನಾಲ್ಕು ವರ್ಷ ಗೋವಾದಲ್ಲಿದ್ದ. ಅಲ್ಲೊಂದು ಸಂಸಾರವಿದ್ದರೆ ತನ್ನದಕ್ಕೆ ಏನು ಬೆಲೆ?

"ಫ್ಲಾಶ್ ಬಿದ್ದಿರೋದು ಸಮ ಗೆರೆಗಳಿಗೆ ಮಾತ್ರ. ಬೆಸದಲ್ಲಿ ಬರೀ ಕತ್ತಲೆ," ಎಂದ ಶ್ರೀಕರ್. "ಅಣ್ಣ ಅರ್ಧ ಗಂಟೆ ಇವರನ್ನೇ ನೋಡ್ತಾ ಕೂತಿದ್ರು. ಸಂಬಂಧಿಕರಾ?"

"ಸಮ ಗೆರಿ ಎಸೀರಿ. ಅವ್ರೇ ಹೇಳಿ ಕಳಿಸ್ಯಾರ."

"ಪಕ್ಕಾನಾ? ಆಮೇಲೆ ಬೇಕಂದ್ರೆ ಡಿವಿಡಿಯಿಂದ ಮತ್ತೆ ಶುರು ಮಾಡ್ಬೇಕು ಅಕ್ಕ."

"ಎಸೀರಿ. ಡಿವಿಡಿನೂ ಕೊಡ್ರಿ."

ಕಡತ ಅಳಿಸುವವರೆಗೂ ಅವಳು ತೆರೆಯಿಂದ ಕಣ್ಣು ಕೀಳಲಿಲ್ಲ. ಹೊರಗೆ ಬಂದು ಡಿವಿಡಿಯನ್ನು ಮೋರಿಕಲ್ಲಿನ ಮೇಲಿಟ್ಟು ಹಿಮ್ಮಡಿಯಿಂದ ತುಳಿದಳು. ಚೂರುಗಳು ಕಪ್ಪು ನೀರಿಗೆ ಬಿದ್ದವು.

ಸಂಜೆ ಬಸಲಿಂಗ ಚಪ್ಪಲಿ ಬಿಡುವ ಮೊದಲೇ ಹೇಳಿದಳು. "ನಿಮ್ಮಾಕಿನ್ನ ನೋಡ್ದೆ. ಕೂಸಿನ್ನೂ ನೋಡ್ದೆ. ಅಂಗಡ್ಯಾಗ ಅಳಿಸಿದೆ, ಡಿವಿಡಿ ತುಳಿದೆ. ಇನ್ನ ಎಲ್ಲಿ ನೋಡ್ತೀರಿ, ನೋಡ್ರಿ."

ಅವನು ಬೈಯಲಿಲ್ಲ. ಹೊಸ್ತಿಲ ಮೇಲೆ ಕುಳಿತ.

"ಗೌಡ್ರ ಮದುವ್ಯಾಗ ನೀರ್ ಹೊರಾಕ ಹೋಗಿದ್ಳು. ಮರು ವರ್ಷ ಸತ್ಳು. ಊರಾಗ ಉಳಿದದ್ದು ಇದೊಂದ ಡಿವಿಡಿ, ಗಂಗಾ. ಅಮಾಸಿಗೆ ಹಿರಿಯರ ಪೂಜಿ. ಅವ್ವಗ ಆ ಹಸಿರು ಸೀರಿ ಏರಿಸಿ, ಆಕಿದೊಂದ್ ಫೋಟೋ ಇಡೂಣು ಅಂತ... ಆ ಕೂಸು ನಾನ."

ಒಟ್ಟು ಹೋದದ್ದು ಅರ್ಧ ಚಿತ್ರ: ಇನ್ನೂರ ಎಂಬತ್ತೆಂಟು ಗೆರೆ.